ಬೇಸಿಗೆ ರಜೆಯಲ್ಲಿ ದೆಹಲಿಗೆ ಕಾನೂನು ಇಂಟರ್ನ್‌ಶಿಪ್: ಹೋಗೋದಾ, ಹೋದ್ರೆ ಯಾವಾಗ?

ಬೆಣ್ಣಿಹಳ್ಳ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಓದುತ್ತಿದ್ದೇನೆ. ಈಗ ಮೂರನೇ ವರ್ಷ. ಊರು ನವಲಗುಂದ. ಈ ಸಲ ಜೂನ್ ರಜೆಯಲ್ಲಿ ನಾಲ್ಕು ವಾರ ದೆಹಲಿಗೆ ಹೋಗಿ, ಸುಪ್ರೀಂ ಕೋರ್ಟ್ ವಕೀಲರೊಬ್ಬರ ಆಫೀಸಿನಲ್ಲಿ ಇಂಟರ್ನ್‌ಶಿಪ್ ಮಾಡಬೇಕು ಅಂತ ತುಂಬಾ ಆಸೆ.

ಸುಮ್ನೆ ಸರ್ಟಿಫಿಕೇಟ್‌ಗೋಸ್ಕರ ಅಲ್ಲ. ಕಳಸಾ-ಬಂಡೂರಿ ಹೋರಾಟ ನೋಡುತ್ತಲೇ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಮಹದಾಯಿ ಅಂದ್ರೆ ಊಟಕ್ಕೆ ಕೂತಾಗಲೂ ಬರುವ ಮಾತು. ಕೇಸು ದೆಹಲಿಯಲ್ಲಿದೆ ಅಂತ ಚಿಕ್ಕವಳಿದ್ದಾಗಿಂದ ಕೇಳುತ್ತಿದ್ದೇನೆ. ಅಲ್ಲಿ ಕೇಸು ಹೇಗೆ ನಡೆಯುತ್ತೆ ಅಂತ ಕಣ್ಣಾರೆ ನೋಡಬೇಕು.

ನಮ್ಮ ಕಾಲೇಜಿನಿಂದ ಹೋದವರು ಕಡಿಮೆ. ಯಾರಿಗೆ ಬರೆಯಬೇಕು, ಎಷ್ಟು ಖರ್ಚಾಗುತ್ತೆ, ಹುಡುಗಿ ಒಬ್ಬಳೇ ಎಲ್ಲಿರಬೇಕು, ಅಲ್ಲಿ ಏನು ಕೆಲಸ ಕೊಡುತ್ತಾರೆ, ಏನೂ ಗೊತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕರಿಕೋಟು:

ತಂಗಿ, ಮೊದಲು ಕೋರ್ಟ್ ಕ್ಯಾಲೆಂಡರ್ ನೋಡಿ. ನಾನು ದಾವಣಗೆರೆಯವನು. ದೆಹಲಿಯಲ್ಲಿ ಎಒಆರ್ (ಸುಪ್ರೀಂ ಕೋರ್ಟ್‌ನಲ್ಲಿ ಕೇಸು ದಾಖಲು ಮಾಡುವ ವಕೀಲರು) ಒಬ್ಬರ ಆಫೀಸಿನಲ್ಲಿ ಜೂನಿಯರ್. ಪ್ರತಿ ವರ್ಷ ಜೂನ್‌ನಲ್ಲಿ ನಮ್ಮ ಕಡೆಯ ಹುಡುಗರು ಆಸೆಯಿಂದ ಬರುತ್ತಾರೆ. ಬಂದ ಮೇಲೆ ನೋಡಿದರೆ ಕೋರ್ಟ್ ಹಾಲ್‌ಗಳು ಹೆಚ್ಚೂಕಡಿಮೆ ಖಾಲಿ.

ಸುಪ್ರೀಂ ಕೋರ್ಟ್‌ಗೆ ಸಾಮಾನ್ಯವಾಗಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಬಿಡುವು. ಮೊದಲು ಅದನ್ನು ಬೇಸಿಗೆ ರಜೆ ಅಂತಲೇ ಕರೆಯುತ್ತಿದ್ದರು. 2024ರಲ್ಲಿ ನಿಯಮ ತಿದ್ದುಪಡಿ ಮಾಡಿ 'ಭಾಗಶಃ ಕೆಲಸದ ದಿನಗಳು' ಅಂತ ಮಾಡಿದ್ದಾರೆ. ಕೆಲವು ಪೀಠಗಳು ಕೂರುತ್ತವೆ, ತುರ್ತು ಕೇಸುಗಳು ನಡೆಯುತ್ತವೆ. ಆದರೆ ದೊಡ್ಡ ವಾದಗಳನ್ನು ಕೇಳಬೇಕು ಅಂತ ಬಂದವರಿಗೆ ನಿರಾಸೆ ಆಗುತ್ತೆ. ದೆಹಲಿ ಹೈಕೋರ್ಟ್‌ಗೂ ಜೂನ್‌ನಲ್ಲೇ ರಜೆ. ಹೆಸರಾಂತ ಸೀನಿಯರ್‌ಗಳು ಆ ಹೊತ್ತಿಗೆ ಊರಲ್ಲಿರೋದು ಅಪರೂಪ.

ಜುಲೈ ಮಧ್ಯದ ನಂತರ ಬನ್ನಿ, ಇಲ್ಲಾಂದ್ರೆ ಡಿಸೆಂಬರ್ ಮೊದಲ ಎರಡು ವಾರ. ಆಗ ಬೆಳಿಗ್ಗೆ 10:30ಕ್ಕೆ ಎಲ್ಲ ಕೋರ್ಟ್‌ಗಳೂ ಶುರುವಾಗಿರುತ್ತವೆ. ಸೋಮವಾರ, ಶುಕ್ರವಾರ ಹೊಸ ಕೇಸುಗಳು ಬರುತ್ತವೆ. ಒಂದೊಂದು ಕೋರ್ಟ್‌ನಲ್ಲೂ ಐಟಂ ನಂಬರ್‌ಗಳು ಓಡುತ್ತಾ ಇರುತ್ತವೆ. ಒಂದು ಎಸ್‌ಎಲ್‌ಪಿಗೆ (ಕೆಳಗಿನ ಕೋರ್ಟ್ ಆದೇಶದ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹಾಕುವ ವಿಶೇಷ ಅನುಮತಿ ಅರ್ಜಿ) ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು. ಆ ದಿನ ಜನ ಎಷ್ಟು ತುಂಬಿರುತ್ತಾರೆ ಅಂದ್ರೆ ಇಂಟರ್ನ್‌ಗಳಿಗೆ ಒಳಗೆ ನಿಲ್ಲೋಕೂ ಜಾಗ ಸಿಗೋದು ಕಷ್ಟ. ವಾದ ಕೇಳಬೇಕು ಅಂದ್ರೆ ವಾರದ ಮಧ್ಯದ ದಿನಗಳೇ ಸರಿ.

ತೊಗರಿನಾಡು:

ಕಲಬುರಗಿಯಲ್ಲಿ ವಕೀಲಿಕೆ ಮಾಡುತ್ತೇನೆ. ಕರಿಕೋಟು ಅವರು ಹೇಳಿದ್ದು ಸರಿ. ಆದರೆ ನಾನು ಇನ್ನೂ ಹಿಂದಿನ ಮೆಟ್ಟಿಲಿಂದ ಹೇಳುತ್ತೇನೆ.

ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳನ್ನು ಓದಿಕೊಳ್ಳಿ. ಐದು ವರ್ಷದ ಕೋರ್ಸ್‌ನವರಿಗೆ ಒಟ್ಟು 20 ವಾರ, ಮೂರು ವರ್ಷದವರಿಗೆ 12 ವಾರ ಇಂಟರ್ನ್‌ಶಿಪ್ ಕಡ್ಡಾಯ. ಒಂದೇ ಏಟಿಗೆ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ. ಕೋರ್ಸ್ ಮುಗಿಯೋದರೊಳಗೆ ವಿಚಾರಣಾ ನ್ಯಾಯಾಲಯದ ವಕೀಲರ ಹತ್ತಿರವೂ ಮೇಲ್ಮನವಿ ನಡೆಸುವ ವಕೀಲರ ಹತ್ತಿರವೂ ಒಂದು ಸಲವಾದರೂ ಕೆಲಸ ಮಾಡಿರಬೇಕು.

ನನ್ನ ಅನುಭವದಲ್ಲಿ ಹುಡುಗರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲ ಇಂಟರ್ನ್‌ಶಿಪ್ಪೇ ದೆಹಲಿ. ಪಾಟಿ ಸವಾಲು ಹೇಗಿರುತ್ತೆ ಅಂತ ಗೊತ್ತಿಲ್ಲ, ವಕಾಲತ್ತು ನೋಡಿಲ್ಲ. ಆರ್ಡರ್ ಶೀಟ್ ಓದೋಕೆ ಬರಲ್ಲ. ಎಸ್‌ಎಲ್‌ಪಿ ಫೈಲಿನಲ್ಲಿ ಇರುವುದೆಲ್ಲ ಕೆಳಗಿನ ಕೋರ್ಟ್‌ನ ಸಾಮಾನೇ ಅಲ್ವಾ? ಸಾಕ್ಷಿ ಹೇಳಿಕೆ, ಪಂಚನಾಮೆ, ನಿಶಾನೆ ಹಾಕಿದ ದಾಖಲೆ. ಅವು ಹುಟ್ಟುವ ಜಾಗ ನೋಡದೆ ಅಲ್ಲಿ ಹೋಗಿ ಫೈಲ್ ತೆರೆದರೆ ಏನು ಅರ್ಥವಾಗುತ್ತೆ?

ನವಲಗುಂದದಲ್ಲೇ ಕೋರ್ಟ್ ಇದೆ. ಪಕ್ಕದಲ್ಲೇ ಧಾರವಾಡ ಹೈಕೋರ್ಟ್ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ನಮ್ಮ ಕಲಬುರಗಿ ಪೀಠವೂ ಹಾಗೆಯೇ. ಆ ಪೀಠಗಳಿಗಾಗಿ ಈ ಭಾಗದ ವಕೀಲರು ವರ್ಷಗಟ್ಟಲೆ ಹೋರಾಡಿದ್ದಾರೆ. ಮನೆ ಬಾಗಿಲಿಗೆ ಬಂದದ್ದನ್ನು ಬಿಟ್ಟು 2000 ಕಿಲೋಮೀಟರ್ ದೂರ ಯಾಕೆ ಹೋಗಬೇಕು ಅಂತ ನನಗೆ ನಿಜವಾಗಿಯೂ ಬೇಸರ ಆಗುತ್ತೆ.

ಬೆಣ್ಣಿಹಳ್ಳ:

ಸರ್, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮ ಕ್ಲಾಸಿನಲ್ಲಿ ದೆಹಲಿ ಅಂತ ಬಯೋಡೇಟಾದಲ್ಲಿ ಇದ್ದರೆ ಮಾತ್ರ ಬೆಲೆ ಅನ್ನುವ ಮಾತಿದೆ. ಬೆಂಗಳೂರಿನ ದೊಡ್ಡ ಕಾಲೇಜಿನವರು ಎರಡನೇ ವರ್ಷಕ್ಕೇ ಹೋಗಿ ಬಂದಿರುತ್ತಾರೆ. ಹಿಂದೆ ಬಿದ್ದೆವು ಅಂತ ಭಯ.

ಶರಾವತಿ_ಹಿನ್ನೀರು:

ತಂಗಿ, ನಾನು ಸಾಗರದವಳು, ಹೋದ ವರ್ಷ ಜೂನ್‌ನಲ್ಲೇ ಹೋಗಿದ್ದೆ. ಹಾಗಾಗಿ ಕರಿಕೋಟು ಅಣ್ಣನ ಮಾತಿಗೆ ಸ್ವಲ್ಪ ತಕರಾರು ಇದೆ.

ಕೋರ್ಟ್ ನೋಡೋಕೆ ಜೂನ್ ಸರಿ ಇಲ್ಲ, ನಿಜ. ಆಫೀಸ್ ಕೆಲಸ ಕಲಿಯೋಕೆ ಜೂನ್ ಚೆನ್ನಾಗಿದೆ. ಕೋರ್ಟ್ ಪೂರ್ತಿ ನಡೆಯುವಾಗ ಇಂಟರ್ನ್ ಕಡೆ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ. ಬಿಡುವಿನಲ್ಲಿ ಜೂನಿಯರ್‌ಗಳು ಪಕ್ಕ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಇನ್ನೊಂದು ವಿಷಯ. ಹೈಕೋರ್ಟ್ ಆದೇಶ ಬಂದು 90 ದಿನದೊಳಗೆ ಎಸ್‌ಎಲ್‌ಪಿ ಹಾಕಬೇಕು. ನಮ್ಮ ಹೈಕೋರ್ಟ್ ಬೇಸಿಗೆ ರಜೆಗೆ ಹೋಗುವ ಮುಂಚೆ ಏಪ್ರಿಲ್‌ನಲ್ಲಿ ಬಂದ ಆದೇಶಗಳ ಗಡುವು ಜುಲೈ ಹೊತ್ತಿಗೆ ಬೀಳುತ್ತೆ. ಅಂದ್ರೆ ಜೂನ್‌ನಲ್ಲಿ ಕರ್ನಾಟಕದ ಫೈಲುಗಳು ಆಫೀಸಿಗೆ ಬರುತ್ತಾ ಇರುತ್ತವೆ.

ಅಲ್ಲೇ ನನಗೆ ಕೆಲಸ ಸಿಕ್ಕಿದ್ದು. ಒಂದು ಜಮೀನಿನ ಕೇಸು ಬಂತು. ಪಹಣಿ, ಮ್ಯುಟೇಶನ್, ಹಳೇ ಪಾಲುಪಟ್ಟಿ, ಸಾಕ್ಷಿಗಳ ಹೇಳಿಕೆ, ಎಲ್ಲಾ ಕನ್ನಡ. ಸುಪ್ರೀಂ ಕೋರ್ಟ್‌ಗೆ ಹಾಕುವಾಗ ಎಲ್ಲಕ್ಕೂ ಇಂಗ್ಲಿಷ್ ಅನುವಾದ ಇರಲೇಬೇಕು. ಊರಿಂದ ಅನುವಾದ ಮಾಡಿಸಿ ಕಳಿಸಿದ್ದರು. ಆಫೀಸಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಮೂಲ ಒಂದು ಕೈಯಲ್ಲಿ, ಅನುವಾದ ಒಂದು ಕೈಯಲ್ಲಿ ಇಟ್ಟುಕೊಂಡು ಸಾಲು ಸಾಲು ನೋಡಿದೆ. ಎರಡು ಜಮೀನಿಗೂ ಸರ್ವೆ ನಂಬರ್ ಒಂದೇ, ಹಿಸ್ಸಾ (ಅದರೊಳಗಿನ ಭಾಗ) ಬೇರೆ. ಅನುವಾದದಲ್ಲಿ ಒಂದು ಕಡೆ ಹಿಸ್ಸಾ ನಂಬರ್ರೇ ಬಿಟ್ಟುಹೋಗಿತ್ತು. ಅದನ್ನು ನಂಬಿ ಬರೆದ ದಿನಾಂಕಗಳ ಪಟ್ಟಿಯಲ್ಲಿ ಅಣ್ಣ ಮಾರಿದ ಜಮೀನು ತಮ್ಮನದು ಅಂತಾಗಿತ್ತು. ತೋರಿಸಿದ ಮೇಲೆ ಸಿನಾಪ್ಸಿಸ್ (ಕೇಸಿನ ಸಾರಾಂಶ) ಪೂರ್ತಿ ಮತ್ತೆ ಬರೆದರು. ಅವತ್ತಿಂದ ಕರ್ನಾಟಕದ ಫೈಲ್ ಯಾವುದು ಬಂದರೂ ಮೊದಲು ನನ್ನ ಟೇಬಲ್ಲಿಗೆ.

ಕನ್ನಡ ಓದಲು ಬರೋದು ದೆಹಲಿಯಲ್ಲಿ ದೊಡ್ಡ ಬಲ, ಅದರಲ್ಲೂ ಕೈಬರಹದ ದಾಖಲೆ ಓದೋಕೆ ಬಂದರೆ. ಅರ್ಜಿ ಹಾಕುವಾಗ ಇದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಕರಿಕೋಟು:

ಒಪ್ಪಿದೆ. ಕರ್ನಾಟಕದ ಕೇಸು ಜಾಸ್ತಿ ಇರುವ ಆಫೀಸ್ ಆದರೆ ಜೂನ್‌ಗೂ ಅರ್ಥ ಇದೆ.

ಎಒಆರ್ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ. ಅಡ್ವೊಕೇಟ್ ಆನ್ ರೆಕಾರ್ಡ್. ಸುಪ್ರೀಂ ಕೋರ್ಟ್‌ನಲ್ಲಿ ಯಾವ ವಕೀಲರು ಬೇಕಾದರೂ ವಾದ ಮಾಡಬಹುದು, ಆದರೆ ಕೇಸು ದಾಖಲು ಮಾಡೋಕೆ ಎಒಆರ್‌ಗೆ ಮಾತ್ರ ಅಧಿಕಾರ. ನಾಲ್ಕು ವರ್ಷ ವಕೀಲಿಕೆ ಆದ ಮೇಲೆ ಒಬ್ಬ ಹಿರಿಯ ಎಒಆರ್ ಹತ್ತಿರ ಒಂದು ವರ್ಷ ತರಬೇತಿ, ಆಮೇಲೆ ಕೋರ್ಟೇ ನಡೆಸುವ ನಾಲ್ಕು ಪತ್ರಿಕೆಗಳ ಪರೀಕ್ಷೆ. ಪಾಸಾದವರ ಆಫೀಸು ಕೋರ್ಟ್‌ನಿಂದ 16 ಕಿಲೋಮೀಟರ್ ಒಳಗೆ ಇರಬೇಕು. ಅದಕ್ಕೇ ಜಂಗ್‌ಪುರ, ನಿಜಾಮುದ್ದೀನ್, ಲಾಜಪತ್ ನಗರ, ಡಿಫೆನ್ಸ್ ಕಾಲೊನಿಯ ಬೀದಿಗಳಲ್ಲಿ ಮನೆಗೊಂದು ವಕೀಲರ ಬೋರ್ಡ್ ಕಾಣುತ್ತೆ.

ಕಲಿಯೋಕೆ ಬರುವವರು ಹೆಸರಾಂತ ಸೀನಿಯರ್ ಚೇಂಬರ್‌ಗೇ ಬೀಳಬೇಕು ಅಂತಿಲ್ಲ. ಸೀನಿಯರ್‌ಗಳು ವಾದ ಮಾಡುತ್ತಾರೆ, ಫೈಲ್ ಕಟ್ಟುವುದು ಎಒಆರ್ ಆಫೀಸು. ಇಂಡೆಕ್ಸ್, ಸಿನಾಪ್ಸಿಸ್, ದಿನಾಂಕಗಳ ಪಟ್ಟಿ, ಕೆಳಗಿನ ತೀರ್ಪು, ಅರ್ಜಿ, ಆಮೇಲೆ ಪಿ-1, ಪಿ-2 ಅಂತ ಅನೆಕ್ಷರ್‌ಗಳು (ಲಗತ್ತಿಸುವ ದಾಖಲೆಗಳು). 2020ರಿಂದ ಎ4 ಹಾಳೆಯ ಎರಡೂ ಬದಿ ಪ್ರಿಂಟ್. ಟೈಮ್ಸ್ ನ್ಯೂ ರೋಮನ್ ಅಕ್ಷರ, ಗಾತ್ರ 14, ಸಾಲಿನ ಅಂತರ ಒಂದೂವರೆ, ಎಡ ಬಲ ನಾಲ್ಕು ಸೆಂಟಿಮೀಟರ್ ಮಾರ್ಜಿನ್. ಇದರಲ್ಲಿ ಏನು ತಪ್ಪಿದರೂ ರಿಜಿಸ್ಟ್ರಿ (ಕೋರ್ಟ್‌ನ ಕಚೇರಿ) 'ಡಿಫೆಕ್ಟ್' ಅಂತ ವಾಪಸ್ ಕಳಿಸುತ್ತೆ. ಡಿಫೆಕ್ಟ್ ಸರಿಪಡಿಸೋದನ್ನು ಕಲಿಯಿರಿ. ಮಸುಕಾದ ಪುಟ ಮತ್ತೆ ಟೈಪ್ ಮಾಡುವುದು, ಪುಟ ಸಂಖ್ಯೆ ತಾಳೆ ನೋಡುವುದು ಕೀಳು ಕೆಲಸ ಅಂತ ಮುಖ ತಿರುಗಿಸುವ ಇಂಟರ್ನ್‌ಗಳನ್ನು ನೋಡಿದ್ದೇನೆ. ಆ ಹಾಳೆಗಳಲ್ಲಿ ಯಾರದೋ ಮನೆ ಜಮೀನು ಇರುತ್ತೆ, ಯಾರದೋ ಜಾಮೀನು ಇರುತ್ತೆ.

ಕೋಲಾರ_ಕೆರೆ:

ಎಲ್ಲ ಸರಿ, ದುಡ್ಡಿನ ಮಾತು ಯಾರೂ ಆಡುತ್ತಿಲ್ಲ.

ದೆಹಲಿಯಲ್ಲಿ ಊಟ ಸೇರಿ ಸಾಧಾರಣ ಪಿಜಿಗೇ ತಿಂಗಳಿಗೆ 10ರಿಂದ 15 ಸಾವಿರ. ರೈಲು, ಮೆಟ್ರೊ, ಕೋಟು, ಶೂ, ಅದೂ ಇದೂ ಸೇರಿ ಒಂದು ತಿಂಗಳಿಗೆ 20ರಿಂದ 25 ಸಾವಿರ ಕೈಯಲ್ಲಿರಬೇಕು. ಬಹಳಷ್ಟು ಆಫೀಸುಗಳು ಇಂಟರ್ನ್‌ಗೆ ಒಂದು ರೂಪಾಯಿ ಕೊಡಲ್ಲ. ನಮ್ಮಪ್ಪ ರೇಷ್ಮೆ ಬೆಳೆಗಾರ. ಗೂಡಿನ ರೇಟ್ ಬಿದ್ದ ವರ್ಷ ನಾನು ಹೋಗೋಕಾಗಲಿಲ್ಲ. ಕ್ಲಾಸಿನಲ್ಲಿ ನನಗಿಂತ ಹಿಂದಿದ್ದವರು ಹೋಗಿ ಬಂದರು. ಆಮೇಲೆ ಕೆಲಸದ ಇಂಟರ್ವ್ಯೂನಲ್ಲಿ ನನ್ನನ್ನು ಕೇಳಿದ್ದು, ದೆಹಲಿಯಲ್ಲಿ ಏನು ಮಾಡಿದ್ದೀರಿ ಅಂತ.

2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಒಂದು ಸುತ್ತೋಲೆ ಹೊರಡಿಸಿತು. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20 ಸಾವಿರ, ಹಳ್ಳಿ ಕಡೆ 15 ಸಾವಿರ ಕೊಡಿ ಅಂತ. ಅದೂ ಶಿಫಾರಸು ಅಷ್ಟೇ. ವಿದ್ಯಾರ್ಥಿಗಳಿಗೆ ಅದು ಅನ್ವಯ ಆಗಲ್ಲ. 20 ವಾರ ಕಡ್ಡಾಯ ಅಂತ ನಿಯಮ ಮಾಡಿದವರು ಆ 20 ವಾರ ಹೊಟ್ಟೆಗೇನು ಅಂತ ಯೋಚಿಸಲಿಲ್ಲ. ಇದು ಅನ್ಯಾಯ ಅಂತ ನಾವು ಗಟ್ಟಿಯಾಗಿ ಹೇಳಬೇಕು. ಹೋಗಿ ಬಂದವರೂ ಹೇಳಬೇಕು.

ತೊಗರಿನಾಡು:

ತಮ್ಮಾ, ನಿಮ್ಮ ಮಾತು ನೂರಕ್ಕೆ ನೂರು ನಿಜ. ನಮ್ಮ ಆಫೀಸಿಗೆ ಬರುವ ಹುಡುಗರಿಗೆ ನಾನು ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಡುತ್ತೇನೆ. ಅದು ಸಾಲದು ಅಂತಲೂ ಗೊತ್ತಿದೆ. ಜಿಲ್ಲಾ ವಕೀಲರ ಸಂಘಗಳು ವರ್ಷಕ್ಕೆ ಇಬ್ಬರು ಮೂವರು ವಿದ್ಯಾರ್ಥಿಗಳ ಖರ್ಚು ನೋಡಿಕೊಳ್ಳಬಹುದು. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತುತ್ತೇನೆ.

ಕರಿಕೋಟು:

ದುಡ್ಡಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 'ಫೀಸ್ ಕಟ್ಟಿ, ಸುಪ್ರೀಂ ಕೋರ್ಟ್ ಇಂಟರ್ನ್‌ಶಿಪ್ ಗ್ಯಾರಂಟಿ' ಅಂತ ಮೆಸೇಜ್ ಬಂದರೆ ಒಂದು ಪೈಸೆ ಕೊಡಬೇಡಿ. ನಿಜವಾದ ವಕೀಲರ ಆಫೀಸು ವಿದ್ಯಾರ್ಥಿಯಿಂದ ದುಡ್ಡು ಕೇಳಲ್ಲ. ಮನೆಯಲ್ಲೇ ಕೂತು ಒಂದು ವಾರದಲ್ಲಿ ಸರ್ಟಿಫಿಕೇಟ್ ಕೊಡುವ ಕಡೆಯಿಂದಲೂ ದೂರ ಇರಿ.

ಎಒಆರ್‌ಗಳ ಪಟ್ಟಿ ಸುಪ್ರೀಂ ಕೋರ್ಟ್ ವೆಬ್‌ಸೈಟಿನಲ್ಲೇ ಇದೆ. ತೀರ್ಪುಗಳನ್ನು ಹುಡುಕುವ ಇಂಡಿಯನ್ ಕಾನೂನ್ ವೆಬ್‌ಸೈಟಿನಲ್ಲಿ ಕರ್ನಾಟಕದಿಂದ ಹೋದ ಕೇಸುಗಳ ಇತ್ತೀಚಿನ ಆದೇಶಗಳನ್ನು ತೆಗೆದು ನೋಡಿ. ಎರಡೂ ಕಡೆಯ ವಕೀಲರ ಹೆಸರು ಮೇಲೆಯೇ ಇರುತ್ತೆ. ಪದೇ ಪದೇ ಬರುವ ಎಒಆರ್ ಯಾರು ಅಂತ ಗುರುತು ಮಾಡಿಕೊಳ್ಳಿ, ಅವರಿಗೆ ಬರೆಯಿರಿ. ಎರಡು ತಿಂಗಳು ಮುಂಚೆ ಬರೆದರೆ ಒಳ್ಳೆಯದು. ಒಂದೇ ಮೇಲ್ ಐವತ್ತು ಜನಕ್ಕೆ ಒಟ್ಟಿಗೆ ಕಳಿಸಬೇಡಿ, ಅದು ಓದಿದ ತಕ್ಷಣ ಗೊತ್ತಾಗುತ್ತೆ.

ಮೈಸೂರಿನ_ಅಪ್ಪ:

ನನ್ನ ಮಗಳೂ ಕಾನೂನು ಓದುತ್ತಿದ್ದಾಳೆ, ಅವಳೂ ಇದೇ ಕೇಳುತ್ತಿದ್ದಾಳೆ. ಒಂದೇ ಪ್ರಶ್ನೆ. ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕಳಿಸಬಹುದಾ? ಜೂನ್‌ನಲ್ಲಿ 45 ಡಿಗ್ರಿ ಬಿಸಿಲು ಬೇರೆ. ದಯವಿಟ್ಟು ಮುಚ್ಚುಮರೆ ಇಲ್ಲದೆ ಹೇಳಿ.

ಶರಾವತಿ_ಹಿನ್ನೀರು:

ಅಂಕಲ್, ಕಳಿಸಬಹುದು. ಆದರೆ ನಾಲ್ಕು ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಜಾಗ. ನಾನು ಲಕ್ಷ್ಮಿನಗರದಲ್ಲಿದ್ದೆ. ಸಿಎ ಓದುವ ಮಕ್ಕಳು ತುಂಬಿದ ಏರಿಯಾ, ಗಿಜಿಗಿಜಿ ಅನ್ನುತ್ತೆ. ಆದರೆ ಬಾಡಿಗೆ ಕಡಿಮೆ, ಬ್ಲೂ ಲೈನ್ ಮೆಟ್ರೊದಲ್ಲಿ ಮೂರನೇ ಸ್ಟೇಷನ್ನೇ ಸುಪ್ರೀಂ ಕೋರ್ಟ್. ಮೊದಲು ಅದಕ್ಕೆ ಪ್ರಗತಿ ಮೈದಾನ ಅಂತ ಹೆಸರಿತ್ತು. ಆಫೀಸು ಜಂಗ್‌ಪುರ ಕಡೆ ಇದ್ದರೆ ಅಲ್ಲೇ ಹತ್ತಿರ ನೋಡಿ, ರಾತ್ರಿ ತಡವಾದರೆ ಅನುಕೂಲ. ಫೋಟೊ ನೋಡಿ ತಿಂಗಳ ದುಡ್ಡು ಮುಂಗಡ ಕೊಡಬೇಡಿ. ಮೊದಲ ಎರಡು ದಿನ ಎಲ್ಲಾದರೂ ಉಳಿದು, ಕಣ್ಣಲ್ಲಿ ನೋಡಿ ರೂಮು ಹಿಡಿಯಿರಿ. ನೆಲಮಾಳಿಗೆಯ ರೂಮು, ನೆಲಮಾಳಿಗೆಯ ಲೈಬ್ರರಿ ಎಷ್ಟೇ ಅಗ್ಗ ಇದ್ದರೂ ಬೇಡ. 2024ರ ಜುಲೈನಲ್ಲಿ ಓಲ್ಡ್ ರಾಜೇಂದ್ರ ನಗರದ ಕೋಚಿಂಗ್ ಸೆಂಟರ್ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಅವರೂ ನಮ್ಮ ಹಾಗೇ ದೂರದ ಊರುಗಳಿಂದ ಓದೋಕೆ ಬಂದವರು.

ಆಫೀಸು. ಮನೆಯ ಒಂದು ಭಾಗವೇ ಆಫೀಸಾಗಿರೋದು ದೆಹಲಿಯಲ್ಲಿ ಸಾಮಾನ್ಯ. ಅಲ್ಲಿ ಬೇರೆ ಹೆಂಗಸರು ಕೆಲಸ ಮಾಡುತ್ತಾರಾ ಅಂತ ಮೊದಲೇ ಕೇಳಿ. ಕೇಳೋಕೆ ಸಂಕೋಚ ಬೇಡ. ಕಾನೂನು ಓದುವ ನಮಗೆ ಇದು ಗೊತ್ತಿರಬೇಕು: ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳ ಇಲ್ಲದ ಇಂಟರ್ನ್‌ಗೂ ಅನ್ವಯಿಸುತ್ತೆ. ಸಂಬಳ ಇರಲಿ ಬಿಡಲಿ, ತರಬೇತಿಗೆ ಬಂದವರೂ ಸೇರುತ್ತಾರೆ ಅಂತ ಸೆಕ್ಷನ್ 2ರಲ್ಲೇ ಬರೆದಿದೆ. ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಆಫೀಸಿನಲ್ಲಿ ಆಂತರಿಕ ಸಮಿತಿ ಇರಬೇಕು. ಸಣ್ಣ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ. ನನ್ನ ಗೆಳತಿಗೆ ಒಂದು ಆಫೀಸಿನಲ್ಲಿ ರಾತ್ರಿ ಹತ್ತರ ಮೇಲೂ ಒಬ್ಬಳನ್ನೇ ಕೂರಿಸಿಕೊಳ್ಳುತ್ತಿದ್ದರು. ಅವಳು ಒಂದೇ ವಾರಕ್ಕೆ ಬಿಟ್ಟಳು. ಸರ್ಟಿಫಿಕೇಟ್ ಹೋದರೆ ಹೋಗಲಿ. ನಿಮ್ಮ ಮಗಳಿಗೆ ಈ ಮಾತನ್ನು ನೀವೇ ಹೇಳಿ ಅಂಕಲ್. ಬಿಟ್ಟು ಬಂದರೆ ಅಪ್ಪ ಬೈಯಲ್ಲ ಅಂತ ಅವಳಿಗೆ ಗೊತ್ತಿರಬೇಕು.

ಬಿಸಿಲು. ನಮ್ಮ ಮಲೆನಾಡಿನವರಿಗಂತೂ ಕಷ್ಟ. ಮಧ್ಯಾಹ್ನ ಲೂ ಅನ್ನುವ ಬಿಸಿಗಾಳಿ ಬೀಸುತ್ತೆ. ಕೋಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಗೇಟಿನ ಒಳಗೆ ಹಾಕಿಕೊಳ್ಳಿ. ಬ್ಯಾಗಿನಲ್ಲಿ ಓಆರ್‌ಎಸ್ ಇರಲಿ.

ಊಟ. ರಾಜ್ಮಾ, ರೊಟ್ಟಿ ತಿಂದು ಬೇಜಾರಾದರೆ ಅಶೋಕ ರಸ್ತೆಯ ಆಂಧ್ರ ಭವನದ ಕ್ಯಾಂಟೀನ್ ಇದೆ. ಹೊಟ್ಟೆ ತುಂಬಾ ಅನ್ನ, ಪಪ್ಪು, ಉಪ್ಪಿನಕಾಯಿ. ಕನ್ನಡ ಕೇಳಬೇಕು ಅನಿಸಿದರೆ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ. ಕಾರ್ಯಕ್ರಮ ಇದ್ದ ದಿನ ಹೋದರೆ ಅಲ್ಲಿ ವರ್ಷಗಟ್ಟಲೆ ಇರುವ ನಮ್ಮವರ ಪರಿಚಯ ಆಗುತ್ತೆ. ಒಂದು ಫೋನ್ ನಂಬರ್ ಕೈಯಲ್ಲಿದ್ದರೆ ಊರಲ್ಲಿ ಅಪ್ಪ ಅಮ್ಮನಿಗೂ ಧೈರ್ಯ.

ಮೈಸೂರಿನ_ಅಪ್ಪ:

ತುಂಬಾ ಉಪಕಾರ ಆಯಿತಮ್ಮ. ಬಿಟ್ಟು ಬರಬಹುದು ಅಂತ ಹೇಳುವ ಮಾತು ನನಗೆ ಹೊಳೆದೇ ಇರಲಿಲ್ಲ. ಇವತ್ತೇ ಹೇಳುತ್ತೇನೆ.

ಹೇಮಾವತಿ_ದಂಡೆ:

ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮ. ಮೂರು ವರ್ಷದ ಎಲ್‌ಎಲ್.ಬಿ. ಪರೀಕ್ಷೆಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹಿಂದಿ ಅಷ್ಟಕ್ಕಷ್ಟೇ. ಸಂವಿಧಾನದ 348ನೇ ವಿಧಿ ಪ್ರಕಾರ ಅಲ್ಲಿ ಎಲ್ಲಾ ಇಂಗ್ಲಿಷ್. ನನ್ನಂಥವರು ಹೋದರೆ ಸುಮ್ನೆ ಮೂಲೆಯಲ್ಲಿ ಕೂರಬೇಕಾಗುತ್ತಾ?

ಕರಿಕೋಟು:

ಇಲ್ಲ. ನಾನೂ ಕನ್ನಡ ಮಾಧ್ಯಮವೇ. ಕೋರ್ಟ್ ಇಂಗ್ಲಿಷ್ ಕಥೆ ಕಾದಂಬರಿ ಇಂಗ್ಲಿಷ್ ಅಲ್ಲ, ಅದಕ್ಕೆ ಒಂದು ಕಟ್ಟು ಇದೆ. ದಿನಕ್ಕೊಂದು ಆದೇಶ ಓದಿ, ಅದರ ದಿನಾಂಕಗಳ ಪಟ್ಟಿಯನ್ನು ನೀವೇ ಇಂಗ್ಲಿಷ್‌ನಲ್ಲಿ ಬರೆದು ನೋಡಿ. ಯಾವ ದಿನ ಏನಾಯಿತು, ಅಷ್ಟೇ. ಎರಡು ತಿಂಗಳಲ್ಲಿ ಕೈ ಕೂರುತ್ತೆ. ಸುಪ್ರೀಂ ಕೋರ್ಟ್ ವರದಿಗಳು 2023ರಿಂದ ಇ-ಎಸ್‌ಸಿಆರ್ ಅನ್ನುವ ಕೋರ್ಟ್‌ನದೇ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ವಾದ ಕೇಳೋಕೆ ದೆಹಲಿಗೇ ಬರಬೇಕು ಅಂತಿಲ್ಲ. ಸಂವಿಧಾನ ಪೀಠದ ವಿಚಾರಣೆ 2022ರ ಸೆಪ್ಟೆಂಬರ್ 27ರಿಂದ ನೇರ ಪ್ರಸಾರ ಆಗುತ್ತಿದೆ. ನಮ್ಮ ಹೈಕೋರ್ಟ್ 2021ರಲ್ಲೇ ಯೂಟ್ಯೂಬ್ ಪ್ರಸಾರ ಶುರು ಮಾಡಿತು. ದೆಹಲಿಗೆ ಬಂದು ಒಂದು ದಿನ ಒಳಗೆ ನೋಡಬೇಕು ಅನ್ನುವವರಿಗೆ ಸುಪ್ರೀಂ ಕೋರ್ಟ್‌ನ 'ಸುಸ್ವಾಗತಂ' ಪೋರ್ಟಲ್‌ನಲ್ಲಿ ಇ-ಪಾಸ್ ಸಿಗುತ್ತೆ.

ಕೋಲಾರ_ಕೆರೆ:

ಜೂನ್‌ನಲ್ಲೇ ಹೋಗಬೇಕಾದವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಬೇಸಿಗೆ ಇಂಟರ್ನ್‌ಶಿಪ್ ನೋಡಬಹುದು. ನಾಲ್ಕು ವಾರ, ಐಎನ್‌ಎ ಹತ್ತಿರದ ಮಾನವ ಅಧಿಕಾರ ಭವನದಲ್ಲಿ. ಉಪನ್ಯಾಸ ಇರುತ್ತೆ, ತಿಹಾರ್ ಜೈಲಿನಂಥ ಜಾಗಗಳಿಗೆ ಕರೆದುಕೊಂಡು ಹೋಗುತ್ತಾರೆ. ಕೋರ್ಟ್ ರಜೆಗೂ ಅದಕ್ಕೂ ಸಂಬಂಧ ಇಲ್ಲ. ಕಾನೂನು ಸಚಿವಾಲಯದಲ್ಲೂ ವಿದ್ಯಾರ್ಥಿಗಳನ್ನು ತಗೊಳ್ಳುತ್ತಾರೆ. ಪ್ರಕಟಣೆ ಅವರವರ ವೆಬ್‌ಸೈಟಿನಲ್ಲೇ ಬರುತ್ತೆ, ಗಡುವು ಬೇಗ ಮುಗಿಯುತ್ತೆ.

ಬೆಣ್ಣಿಹಳ್ಳ:

ಎಲ್ಲರಿಗೂ ಕೈಮುಗಿದು ಧನ್ಯವಾದ. ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ. ಮಹದಾಯಿ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೋದಾಗ ಆ ಕೇಸು ನೋಡೋಕೆ ಸಿಗಬಹುದಾ?

ಕರಿಕೋಟು:

ಅದೊಂದನ್ನೇ ನಂಬಿಕೊಂಡು ಬರಬೇಡಿ ತಂಗಿ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. 2020ರ ಫೆಬ್ರವರಿ 27ಕ್ಕೆ ಅದು ಗೆಜೆಟ್‌ನಲ್ಲಿ ಬಂತು. ರಾಜ್ಯಗಳು ಅದರ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿವೆ. ಇಂಥ ಕೇಸುಗಳು ಪಟ್ಟಿಗೆ ಬರೋದು ಯಾವಾಗಲೋ ಒಮ್ಮೆ. ಬಂದ ದಿನವೂ ಮುಂದಕ್ಕೆ ಹೋಗಬಹುದು.

ಆದರೆ ಆ ಕೇಸನ್ನು ಅರ್ಥ ಮಾಡಿಕೊಳ್ಳುವ ದಾರಿ ಬೇರೆ ಇದೆ. 2018ರ ಫೆಬ್ರವರಿ 16ರ ಕಾವೇರಿ ತೀರ್ಪು ಪೂರ್ತಿ ಓದಿ. ಕಾವೇರಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದ 270 ಟಿಎಂಸಿಯನ್ನು ಸುಪ್ರೀಂ ಕೋರ್ಟ್ 284.75ಕ್ಕೆ ಏರಿಸಿತು. ಹೆಚ್ಚಿಸಿದ್ದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಅದಕ್ಕೂ ಮುಂಚೆ 2016ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಪ್ರಶ್ನೆ ತೀರ್ಮಾನ ಆಯಿತು. ನದಿ ನೀರಿನ ವಿವಾದಗಳಿಂದ ಕೋರ್ಟ್‌ಗಳನ್ನು ದೂರ ಇಡಲು ಅವಕಾಶ ಕೊಡುವ ಸಂವಿಧಾನದ 262ನೇ ವಿಧಿ ಅಡ್ಡ ಇದ್ದರೂ ನ್ಯಾಯಮಂಡಳಿ ತೀರ್ಪಿನ ಮೇಲೆ ಬಂದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಕೇಳಬಹುದು ಅಂತ. ಅದು ಹಾಗೆ ತೀರ್ಮಾನ ಆಗಿದ್ದಕ್ಕೇ ಮಹದಾಯಿಯೂ ಇವತ್ತು ಆ ಕೋರ್ಟ್‌ನಲ್ಲಿ ನಿಂತಿದೆ. ಹಿರಿಯ ವಕೀಲ ಫಾಲಿ ನಾರಿಮನ್ ಅವರು ಹತ್ತಾರು ವರ್ಷ ಕರ್ನಾಟಕದ ಪರ ಕಾವೇರಿ ವಾದ ಮಾಡಿದರು. ಆ ವಾದಗಳ ಸಾರ ತೀರ್ಪಿನ ಒಳಗೇ ಇದೆ. ಓದಿ ಬಂದರೆ, ನೀವು ಇಲ್ಲಿರುವಾಗ ಮಹದಾಯಿ ಪಟ್ಟಿಗೆ ಬಂದರೆ ಏನು ನಡೆಯುತ್ತಿದೆ ಅಂತ ನಿಮಗೇ ತಿಳಿಯುತ್ತೆ. ಬರದಿದ್ದರೂ ಓದಿದ್ದು ನಿಮ್ಮದೇ.

ಬೆಣ್ಣಿಹಳ್ಳ:

ಈಗ ಮನಸ್ಸು ಒಂದು ಕಡೆ ನಿಂತಿತು. ಈ ಜೂನ್ ನವಲಗುಂದ ಕೋರ್ಟ್‌ನಲ್ಲಿ, ತೊಗರಿನಾಡು ಸರ್ ಹೇಳಿದ ಹಾಗೆ. ಮುಂದಿನ ವರ್ಷ ಪರೀಕ್ಷೆ ವೇಳಾಪಟ್ಟಿ ನೋಡಿಕೊಂಡು ಜುಲೈ ಮಧ್ಯದ ನಂತರ ದೆಹಲಿ. ಅಷ್ಟರಲ್ಲಿ ದುಡ್ಡೂ ಸ್ವಲ್ಪ ಕೂಡಿಡುತ್ತೇನೆ. ಅಪ್ಪನಿಗೆ ಹೇಳಿದೆ, ಅವರೂ ಹೂಂ ಅಂದರು.

ಸರ್, ತಾಲೂಕು ಕೋರ್ಟ್‌ನಲ್ಲಿ ನಾಲ್ಕು ವಾರ ಏನೇನು ನೋಡಬೇಕು ಅಂತ ಹೇಳಿದರೆ ದೊಡ್ಡ ಉಪಕಾರ.

ತೊಗರಿನಾಡು:

ಸಂತೋಷ ಆಯಿತು ಮಗಳೇ.

ಕೊನೆಯ ವರ್ಷಗಳಲ್ಲಿ ನಿಮಗೆ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪತ್ರಿಕೆ ಇರುತ್ತೆ. ಅದರಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ದಾಖಲು ಮಾಡಿದ್ದಕ್ಕೆ 30 ಅಂಕ. ಕಕ್ಷಿದಾರರ ಜೊತೆ ವಕೀಲರು ಮಾತಾಡುವುದನ್ನು ನೋಡಿ ಬರೆದಿದ್ದಕ್ಕೂ ಅಂಕ ಇದೆ. ಬಹಳ ಜನ ಅದನ್ನು ಸೀನಿಯರ್ ಹುಡುಗರ ಡೈರಿ ನೋಡಿ ನಕಲು ಮಾಡುತ್ತಾರೆ. ನೀವು ಈಗಲೇ ಸ್ವಂತವಾಗಿ ಬರೆದಿಡಿ.

ಸಿವಿಲ್‌ಗೆ ಒಂದು ಪಾಲು ದಾವೆ ಹಿಡಿಯಿರಿ, ನಿಮ್ಮ ಕಡೆ ಬೇಕಾದಷ್ಟು ಸಿಗುತ್ತವೆ. ದಾವಾ ಅರ್ಜಿ, ಲಿಖಿತ ಹೇಳಿಕೆ, ವಿವಾದಾಂಶಗಳು, ಈ ಮೂರನ್ನೂ ಓದಿಕೊಂಡು ಆಮೇಲೆ ಸಾಕ್ಷಿ ವಿಚಾರಣೆಗೆ ಕೂತುಕೊಳ್ಳಿ. ಕ್ರಿಮಿನಲ್‌ನಲ್ಲಿ ಪಂಚರ ಪಾಟಿ ಸವಾಲು ತಪ್ಪಿಸಬೇಡಿ. ಪಂಚನಾಮೆಯಲ್ಲಿ ಬರೆದಿರುವುದಕ್ಕೂ ಪಂಚರು ಕಟಕಟೆಯಲ್ಲಿ ಹೇಳುವುದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಅಂತ ಗುರುತು ಹಾಕಿಕೊಳ್ಳಿ. ಮಧ್ಯಾಹ್ನ ಆಫೀಸಿನ ಗುಮಾಸ್ತರ ಜೊತೆ ಹೋಗಿ ನಕಲು ಅರ್ಜಿ ಹಾಕೋದು, ಪ್ರೋಸೆಸ್ (ಸಮನ್ಸ್, ನೋಟಿಸ್ ಕಳಿಸುವ ಶುಲ್ಕ) ಕಟ್ಟೋದು ಕಲಿಯಿರಿ. ಅವರಿಗೆ ಗೊತ್ತಿರುವಷ್ಟು ಕೋರ್ಟ್ ಕೆಲಸ ಅನೇಕ ವಕೀಲರಿಗೂ ಗೊತ್ತಿರಲ್ಲ. ಅವರನ್ನು ಗೌರವದಿಂದ ಮಾತಾಡಿಸಿ, ಎಲ್ಲಾ ಹೇಳಿಕೊಡುತ್ತಾರೆ.

ಶರಾವತಿ_ಹಿನ್ನೀರು:

ತಂಗಿ, ಆ ಪಾಲು ದಾವೆಯ ಹಳೇ ಕಾಗದಗಳನ್ನು ಓದುವಾಗ ಕೈಬರಹದ ಪುಟ ಸಿಕ್ಕರೆ ಬಿಡಬೇಡಿ, ವಕೀಲರನ್ನು ಕೇಳಿ ಕೂತು ಓದಿ. ಮುಂದಿನ ಏಪ್ರಿಲ್‌ನಲ್ಲಿ ಅರ್ಜಿ ಬರೆಯುವಾಗ ನನಗೆ ಮೆಸೇಜ್ ಮಾಡಿ. ನಾನು ಕಳಿಸಿದ್ದ ಮೇಲ್ ತೋರಿಸುತ್ತೇನೆ, ಪಿಜಿ ಆಂಟಿಯ ನಂಬರ್ ಕೂಡ ಕೊಡುತ್ತೇನೆ.